ಕೋಲಾರದ ಮನೆಯಲ್ಲಿ ಕರೆಂಟು, ಗ್ಯಾಸು ಉಳಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ ಸೀಮೆಗೆ ಕರೆಂಟು ಹೊಸತಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ತೆಗೆದ ವಿದ್ಯುತ್ತು ಮೊದಲು ಬಂದದ್ದು ಕೆಜಿಎಫ್ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬರಲು 1905 ಆಯಿತು. ಅವತ್ತು ನೀರಿನಿಂದ ಕರೆಂಟು ತೆಗೆದರು. ಇವತ್ತು ನಾವು ಕರೆಂಟು ಸುರಿದು ನೀರು ತೆಗೆಯುತ್ತೇವೆ, ಮತ್ತೆ ಕರೆಂಟು ಸುರಿದು ಅದನ್ನೇ ಕಾಯಿಸುತ್ತೇವೆ. ನಮ್ಮ ಕಡೆ ಮನೆ ಬಿಲ್ಲಿನ ಕಥೆ ಹೆಚ್ಚುಕಮ್ಮಿ ಇಷ್ಟೇ.

ನಾನು ಎಲೆಕ್ಟ್ರಿಷಿಯನ್ ಅಲ್ಲ. ಮೀಟರ್ ಮುಂದೆ ನಿಂತು ಲೆಕ್ಕ ಹಾಕುವ ಹುಚ್ಚು ಇದೆ, ಅಷ್ಟೇ. ಅಕ್ಕಪಕ್ಕದವರು, ನೆಂಟರು ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ.

ಎಲ್ಲಿಂದ ಶುರು ಮಾಡಬೇಕು?

ಅಂಗಡಿಗೆ ಹೋಗಬೇಡಿ. ಮೊದಲು ಮೀಟರ್ ಹತ್ತಿರ ಹೋಗಿ.

ಈಗಿನ ಡಿಜಿಟಲ್ ಮೀಟರ್‌ನಲ್ಲಿ ಒಂದು ಪುಟ್ಟ ಕೆಂಪು ದೀಪ ಮಿಟುಕುತ್ತಾ ಇರುತ್ತದೆ. ಅದರ ಹತ್ತಿರ ಒಂದು ಸಂಖ್ಯೆ ಬರೆದಿರುತ್ತದೆ. ನಮ್ಮ ಮನೆ ಮೀಟರ್‌ನಲ್ಲಿ 3200 ಅಂತಿದೆ. ಅಂದರೆ ಆ ದೀಪ 3200 ಸಲ ಮಿಟುಕಿದರೆ ಒಂದು ಯೂನಿಟ್ ಖರ್ಚಾಯಿತು ಅಂತ ಅರ್ಥ. ಒಂದು ನಿಮಿಷದಲ್ಲಿ ಎಷ್ಟು ಸಲ ಮಿಟುಕಿತು ಅಂತ ಎಣಿಸಿ, ಅದನ್ನು 18.75ರಿಂದ ಗುಣಿಸಿ. ಆ ಹೊತ್ತಿಗೆ ಮನೆ ಎಷ್ಟು ವ್ಯಾಟ್ ಎಳೆಯುತ್ತಿದೆ ಅಂತ ಗೊತ್ತಾಗುತ್ತದೆ. ನಿಮ್ಮ ಮೀಟರ್‌ನಲ್ಲಿ 1600 ಅಂತಿದ್ದರೆ ಅದರ ಎರಡರಷ್ಟು, 37.5ರಿಂದ ಗುಣಿಸಿ.

ಒಂದು ಭಾನುವಾರ ಮಧ್ಯಾಹ್ನ ಮನೆಯ ಎಲ್ಲ ಸ್ವಿಚ್ ಆಫ್ ಮಾಡಿ, ಫ್ರಿಜ್ ಪ್ಲಗ್ಗನ್ನೂ ಕಿತ್ತು, ಹೊರಗೆ ಬಂದು ಮೀಟರ್ ನೋಡಿದೆ. ದೀಪ ಸುಮ್ನೆ ಇರಬೇಕಿತ್ತು ಅಲ್ವಾ? ನಿಮಿಷಕ್ಕೆ ನಾಲ್ಕು ಸಲ ಮಿಟುಕುತ್ತಿತ್ತು. 75 ವ್ಯಾಟ್! ಒಂದು ಹಳೇ ಫ್ಯಾನು ಹಗಲೂ ರಾತ್ರಿ ತಿರುಗಿದ ಹಾಗೆ, ತಿಂಗಳಿಗೆ 54 ಯೂನಿಟ್. ಹುಡುಕಿದರೆ ಕಳ್ಳ ಸಿಕ್ಕಿದ್ದು ಮೆಟ್ಟಿಲ ಕೆಳಗಿನ ಯುಪಿಎಸ್. ಬ್ಯಾಟರಿ ಹಳೆಯದಾಗಿ ಎಷ್ಟು ಚಾರ್ಜ್ ಮಾಡಿದರೂ ತುಂಬುತ್ತಿರಲಿಲ್ಲ, ಅದು ಎಳೆಯುವುದನ್ನೂ ಬಿಟ್ಟಿರಲಿಲ್ಲ. ಬ್ಯಾಟರಿ ಬದಲಿಸಿದ ಮೇಲೆ ನಿಮಿಷಕ್ಕೆ ಒಂದು ಮಿಟುಕಿಗೆ ಇಳಿಯಿತು.

ಒಂದೊಂದೇ ವಸ್ತು ಆನ್ ಮಾಡಿ ಹೀಗೆ ಎಣಿಸುತ್ತಾ ಹೋಗಿ. ಗೀಸರ್ ಹಾಕಿದ ತಕ್ಷಣ ದೀಪ ಸೆಕೆಂಡಿಗೆ ಹೆಚ್ಚುಕಮ್ಮಿ ಎರಡು ಸಲ ಹೊಡೆದುಕೊಳ್ಳಲು ಶುರು ಮಾಡುತ್ತದೆ. ಅದನ್ನು ಒಂದು ಸಲ ಕಣ್ಣಾರೆ ನೋಡಿದರೆ ಮನೆಯ ಮಕ್ಕಳಿಗೂ ಬೇರೆ ಪಾಠ ಬೇಕಾಗುವುದಿಲ್ಲ.

ಗೃಹಜ್ಯೋತಿ ಇದೆಯಲ್ಲ, ಕರೆಂಟು ಫ್ರೀ. ಮತ್ಯಾಕೆ ಉಳಿಸಬೇಕು?

ಪೂರ್ತಿ ಫ್ರೀ ಅಂತ ಅಂದುಕೊಂಡವರೇ ಜಾಸ್ತಿ. 200 ಯೂನಿಟ್ ಎಲ್ಲರಿಗೂ ಸಿಗುವುದಿಲ್ಲ. 2022-23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದರ ಮೇಲೆ ಸ್ವಲ್ಪ ಸೇರಿಸಿ ನಿಮ್ಮ ಪಾಲು ಗೊತ್ತು ಮಾಡಿದ್ದಾರೆ. ನಿಮ್ಮ ಪಾಲು 120 ಯೂನಿಟ್ ಅಂದುಕೊಳ್ಳಿ. 150 ಬಳಸಿದರೆ 30 ಯೂನಿಟ್‌ಗೆ ದುಡ್ಡು ಕಟ್ಟಬೇಕು. 201 ಬಳಸಿದಿರೋ, 201ಕ್ಕೂ ಕಟ್ಟಬೇಕು.

ಹಾಗಾಗಿ 180ರಿಂದ 210ರ ನಡುವೆ ಓಲಾಡುವ ಮನೆಗೆ ಹತ್ತು ಯೂನಿಟ್ ಉಳಿಸುವುದು ಅಂದರೆ ಒಂದಿಡೀ ಬಿಲ್ ಉಳಿಸಿದ ಹಾಗೆ. ಏಪ್ರಿಲ್, ಮೇ ತಿಂಗಳಲ್ಲಿ ಫ್ಯಾನಿನಿಂದ, ಡಿಸೆಂಬರ್, ಜನವರಿಯಲ್ಲಿ ಬಿಸಿನೀರಿನಿಂದ ಈ ಗೆರೆ ದಾಟುವುದು. ತಿಂಗಳ ನಡುವೆ ಒಂದು ದಿನ ರೀಡಿಂಗ್ ನೋಡಿ ಹಳೇ ಬಿಲ್ಲಿನ ಜೊತೆ ತಾಳೆ ಹಾಕಿ. ಬಿಲ್ ಬಂದ ಮೇಲೆ ತಲೆ ಚಚ್ಚಿಕೊಂಡರೆ ಏನೂ ಆಗುವುದಿಲ್ಲ.

ಯಾವುದು ಜಾಸ್ತಿ ಕರೆಂಟು ತಿನ್ನುತ್ತದೆ?

ಬಿಸಿ ಮಾಡುವುದು ಮತ್ತು ತಣ್ಣಗೆ ಮಾಡುವುದು. ಗೀಸರ್, ರಾಡ್, ಇಸ್ತ್ರಿ ಪೆಟ್ಟಿಗೆ, ಏಸಿ. ಬೆಳಕಿಗೆ, ಟಿವಿಗೆ ಆಗುವ ಖರ್ಚು ಇವುಗಳ ಮುಂದೆ ಚಿಲ್ಲರೆ.

ಒಂದು ಬಕೆಟ್ ಅಂದರೆ 15 ಲೀಟರ್ ಇಟ್ಟುಕೊಳ್ಳಿ. ಆ ನೀರನ್ನು 20 ಡಿಗ್ರಿಯಷ್ಟು ಬಿಸಿ ಮಾಡಲು ಸುಮಾರು 0.35 ಯೂನಿಟ್ ಬೇಕು. ಯಾವ ಕಂಪನಿಯ ಗೀಸರ್ ಆದರೂ ಇದಕ್ಕಿಂತ ಕಡಿಮೆಗೆ ಆಗುವುದಿಲ್ಲ, ನೀರಿನ ಗುಣವೇ ಅದು. ಅದೇ 0.35 ಯೂನಿಟ್‌ನಲ್ಲಿ 9 ವ್ಯಾಟ್‌ನ ಎಲ್‌ಇಡಿ ಬಲ್ಬು ಸುಮಾರು 39 ಗಂಟೆ ಉರಿಯುತ್ತದೆ. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ನಾಲ್ಕು ಬಕೆಟ್ ಅಂದರೆ ತಿಂಗಳಿಗೆ 42 ಯೂನಿಟ್. ಶವರ್ ಕೆಳಗೆ ಹಾಡು ಹೇಳುತ್ತಾ ನಿಲ್ಲುವವರಿದ್ದರೆ ಇದನ್ನು ಎರಡು, ಮೂರರಿಂದ ಗುಣಿಸಿ.

ರೂಮಿನ ಲೈಟ್ ಆರಿಸಲಿಲ್ಲ ಅಂತ ಮಕ್ಕಳಿಗೆ ಬೈದು, ಗೀಸರ್ ಹಾಕಿಟ್ಟು ವಾಕಿಂಗ್ ಹೋಗುವ ಹಿರಿಯರು ಎಲ್ಲ ಮನೆಯಲ್ಲೂ ಇರುತ್ತಾರೆ. ನಮ್ಮ ಮನೆಯಲ್ಲೂ ಇದ್ದಾರೆ.

ಗೀಸರ್ ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಜಾಸ್ತಿ ಕರೆಂಟು ಎಳೆಯುತ್ತದಂತೆ, ಹೌದಾ?

ಇಲ್ಲ. ಬಿಸಿನೀರು ಸುಮ್ನೆ ಕೂತಿದ್ದಷ್ಟು ಹೊತ್ತೂ ಶಾಖ ಹೊರಗೆ ಹೋಗುತ್ತಲೇ ಇರುತ್ತದೆ. ಅದನ್ನು ತುಂಬಲು ಗೀಸರ್ ಆಗಾಗ ತಾನೇ ಆನ್ ಆಗುತ್ತದೆ. ಬೇಕಾದಾಗ ಹಾಕಿ, ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಿ, ಆಫ್ ಮಾಡಿ. ತಿರುಗಿಸುವ ಗುಂಡಿ ಇದ್ದರೆ 50 ಡಿಗ್ರಿ ಹತ್ತಿರ ಇಡಿ. ಕುದಿಯುವ ಹಾಗೆ ಕಾಯಿಸಿ, ಆಮೇಲೆ ತಣ್ಣೀರು ಬೆರೆಸುವುದು ಎಂಥ ಲೆಕ್ಕ?

ಇನ್ನೊಂದು. ಬೇಸಿಗೆಯಲ್ಲಿ ತಾರಸಿ ಮೇಲಿನ ಕಪ್ಪು ಟ್ಯಾಂಕಿನ ನೀರು ಸಂಜೆ ಹೊತ್ತಿಗೆ ತಾನೇ ಬಿಸಿಯಾಗಿರುತ್ತದೆ. ಮಾರ್ಚ್‌ನಿಂದ ಮೇವರೆಗೆ ಸಂಜೆ ಸ್ನಾನ ಮಾಡುವ ಮನೆಗೆ ಗೀಸರ್ ಬೇಕಾಗುವುದೇ ಇಲ್ಲ.

ನಮ್ಮದು ಬೋರ್ ನೀರು. ರಾಡ್ ಮೇಲೆ ಬಿಳಿಯ ಪದರ ಕಟ್ಟುತ್ತದೆ. ಏನು ಮಾಡಬೇಕು?

ಕೋಲಾರದಲ್ಲಿ ಇದನ್ನು ಕೇಳದ ಮನೆಯಿಲ್ಲ. ಗಡುಸು ನೀರು ಕಾದಾಗ ಅದರಲ್ಲಿರುವ ಸುಣ್ಣದಂಶ ರಾಡಿಗೆ ಅಂಟುತ್ತದೆ. ಆರು ತಿಂಗಳು ಬಿಟ್ಟರೆ ರಾಡು ಸುಣ್ಣ ಮೆತ್ತಿದ ಕೋಲಿನ ಹಾಗೆ ಕಾಣುತ್ತದೆ. ಇದರಿಂದ ಯೂನಿಟ್ ಬಹಳ ಏರುತ್ತದೆ ಅನ್ನುವುದು ಅಷ್ಟು ನಿಜವಲ್ಲ, ರಾಡಿನ ಶಾಖ ಕೊನೆಗೂ ನೀರಿಗೇ ಹೋಗಬೇಕು. ಆದರೆ ಪದರದ ಒಳಗೆ ರಾಡು ವಿಪರೀತ ಕಾದು ಬೇಗ ಸುಟ್ಟುಹೋಗುತ್ತದೆ. ಖರ್ಚು ಆ ದಾರಿಯಲ್ಲಿ ಬರುತ್ತದೆ.

ಬಿಡಿಸುವುದು ಸುಲಭ. ಪ್ಲಗ್ ಕಿತ್ತು ರಾಡ್ ಪೂರ್ತಿ ಆರಲು ಬಿಡಿ. ಒಂದು ಎತ್ತರದ ಪಾತ್ರೆಯಲ್ಲಿ ವಿನಿಗರ್ ಮತ್ತು ನೀರು ಸಮ ಹಾಕಿ, ಸುರುಳಿ ಮಾತ್ರ ಮುಳುಗುವಂತೆ ನಿಲ್ಲಿಸಿ. ಮೇಲಿನ ಹಿಡಿ, ವೈರು ಒದ್ದೆಯಾಗಬಾರದು. ಎರಡು ನಿಮಿಷಕ್ಕೆ ಸೋಡಾ ಹಾಗೆ ಸಣ್ಣ ಗುಳ್ಳೆ ಏಳಲು ಶುರುವಾಗುತ್ತದೆ. ಒಂದೆರಡು ಗಂಟೆ ಬಿಟ್ಟರೆ ಪದರ ಮೆತ್ತಗಾಗಿ, ಮೊಟ್ಟೆ ಚಿಪ್ಪಿನ ಚೂರಿನಂತೆ ತಳಕ್ಕೆ ಉದುರುತ್ತದೆ. ಉಳಿದದ್ದನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ. ವಿನಿಗರ್ ಇಲ್ಲದಿದ್ದರೆ ನಿಂಬೆರಸ ಆಗುತ್ತದೆ. ಹುಣಸೆ ಹುಳಿಯೂ ಕೆಲಸ ಮಾಡುತ್ತದೆ, ನಿಧಾನ ಅಷ್ಟೇ. ಚಾಕುವಿನಿಂದ ಕೆರೆಯಬೇಡಿ, ಸುತ್ತಿಗೆಯಿಂದ ಕುಟ್ಟಬೇಡಿ. ಮೇಲಿನ ಲೋಹ ಬಿರುಕು ಬಿಟ್ಟರೆ ಆ ರಾಡು ಶಾಕ್ ಹೊಡೆಯುತ್ತದೆ.

ಗೀಸರ್ ಒಳಗಿನದ್ದಕ್ಕೆ ಮೆಕ್ಯಾನಿಕ್ ಕರೆಸಿ, ಅದು ಮನೆಯಲ್ಲಿ ಬಿಚ್ಚುವ ಕೆಲಸವಲ್ಲ.

ಸೋಲಾರ್ ಹೀಟರ್ ಹಾಕಿಸಿದ್ದೇವೆ. ಆದರೂ ಬೆಳಗ್ಗೆ ನೀರು ಉಗುರುಬೆಚ್ಚಗಿರುತ್ತದೆ.

ಮೊದಲು ಮೇಲೆ ಹತ್ತಿ ಗಾಜಿನ ಕೊಳವೆ ಒರೆಸಿ. ನಮ್ಮ ಕಡೆ ಧೂಳು ಹೆಚ್ಚು, ಎರಡು ವಾರಕ್ಕೆ ಮಂದವಾಗಿ ಕೂರುತ್ತದೆ. ಬೆಳಗ್ಗೆ ಬೇಗ, ಗಾಜು ತಣ್ಣಗಿರುವಾಗ ಒರೆಸಬೇಕು. ಮಧ್ಯಾಹ್ನ ಕಾದ ಗಾಜಿನ ಮೇಲೆ ತಣ್ಣೀರು ಸುರಿದರೆ ಒಡೆಯಬಹುದು.

ಆಮೇಲೆ ಪೈಪ್ ನೋಡಿ. ಟ್ಯಾಂಕಿನಿಂದ ಬಚ್ಚಲಿಗೆ ಬರುವ ಪೈಪಿಗೆ ಬಟ್ಟೆಯನ್ನೂ ಸುತ್ತದೆ ಬಯಲಿಗೆ ಬಿಟ್ಟಿರುತ್ತಾರೆ. ಪೈಪಿಗೆ ಹಾಕುವ ಕಪ್ಪು ಫೋಮ್ ಕೊಳವೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಉದ್ದಕ್ಕೆ ಸೀಳಿರುತ್ತದೆ, ಪೈಪಿಗೆ ತೊಡಿಸಿ ಟೇಪ್ ಸುತ್ತಿದರೆ ಆಯಿತು, ಅರ್ಧ ಗಂಟೆ ಕೆಲಸ. ಬಿಸಿ ಬರುವ ತನಕ ಹರಿಯುವ ತಣ್ಣೀರನ್ನು ಚರಂಡಿಗೆ ಬಿಡಬೇಡಿ, ಒಂದು ಬಕೆಟ್ ಇಟ್ಟು ಹಿಡಿದುಕೊಳ್ಳಿ.

ರಾತ್ರಿ ಪಾತ್ರೆ ತೊಳೆಯಲು ಎಲ್ಲ ಬಿಸಿನೀರು ಬಳಸಿದರೆ ಅಷ್ಟೇ ತಣ್ಣೀರು ಟ್ಯಾಂಕಿಗೆ ಇಳಿದು ಬೆರೆಯುತ್ತದೆ. ಬೆಳಗಿನ ಉಗುರುಬೆಚ್ಚಗೆ ಅರ್ಧ ಕಾರಣ ಅದೇ.

ಹಳ್ಳಿಮನೆಯ ಹಂಡೆ ಒಲೆಯೇ ಒಳ್ಳೆಯದಲ್ವಾ?

ಸೌದೆ ಮನೆಯಲ್ಲೇ ಇದ್ದರೆ ಒಳ್ಳೆಯದು. ರೇಷ್ಮೆ ಮನೆಯವರ ಹತ್ತಿರ ಹಿಪ್ಪುನೇರಳೆ ಕಡ್ಡಿ ರಾಶಿ ಬಿದ್ದಿರುತ್ತದೆ, ತೆಂಗಿನ ಚಿಪ್ಪು ಇರುತ್ತದೆ. ಹಂಡೆಯ ತಳದ ಮಸಿ ಆಗಾಗ ಕೆರೆಯಿರಿ, ಮುಚ್ಚಳ ಹಾಕಿ, ಒಲೆ ಬಾಯಿ ಚಿಕ್ಕದಿರಲಿ. ಹೊಗೆ ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಮಾತ್ರ ಬೇಡ. ಉಳಿಸಿದ ಕರೆಂಟಿಗಿಂತ ಕೆಮ್ಮಿನ ಔಷಧಿ ದುಬಾರಿ.

ನೀರು ಉಳಿಸಿದರೆ ಕರೆಂಟು ಉಳಿಯುತ್ತದಾ?

ಬೇರೆ ಕಡೆ ಹೇಗೋ, ಕೋಲಾರದಲ್ಲಿ ಎರಡೂ ಒಂದೇ. ವರ್ಷವಿಡೀ ಹರಿಯುವ ನದಿ ನಮಗಿಲ್ಲ. ಎಷ್ಟೋ ಬೋರ್‌ಗಳು ಸಾವಿರ ಅಡಿ ದಾಟಿವೆ. ಸಾವಿರ ಅಡಿಯಿಂದ ಸಾವಿರ ಲೀಟರ್ ನೀರು ಮೇಲೆತ್ತಲು ಬರೀ ಭಾರದ ಲೆಕ್ಕದಲ್ಲೇ 0.8 ಯೂನಿಟ್ ಬೇಕು. ಪಂಪು, ಮೋಟರ್, ಪೈಪಿನಲ್ಲಿ ಆಗುವ ನಷ್ಟ ಸೇರಿದರೆ ಎರಡು ಯೂನಿಟ್ ಹತ್ತಿರ ಬರುತ್ತದೆ. ಟ್ಯಾಂಕರ್ ನೀರಾದರೂ ಎಲ್ಲೋ ಒಂದು ಕಡೆ ಮೋಟರ್ ಓಡಿಯೇ ಬಂದಿರುತ್ತದೆ, ಆ ದುಡ್ಡು ಬೇರೆ ಬಿಲ್ಲಿನಲ್ಲಿ ಹೋಗುತ್ತದೆ.

ಸಂಪಿನಿಂದ ತಾರಸಿಗೆ ಎತ್ತುವುದಕ್ಕೆ ಇದರ ಹತ್ತನೇ ಒಂದು ಭಾಗವೂ ಬೇಡ. ಆದರೆ ಅಲ್ಲಿ ಇನ್ನೊಂದು ನಷ್ಟ ಇದೆ: ಮೋಟರ್ ಹಾಕಿ ಸೀರಿಯಲ್ ನೋಡುತ್ತಾ ಕೂರುವುದು. ಟ್ಯಾಂಕ್ ತುಂಬಿ ಬೀದಿಗೆ ಹರಿದ ಮೇಲೆ ಪಕ್ಕದ ಮನೆಯವರು ಕೂಗುತ್ತಾರೆ. ಫ್ಲೋಟ್ ಸ್ವಿಚ್ ಅಂತ ಸಿಗುತ್ತದೆ, ಟ್ಯಾಂಕ್ ತುಂಬಿದಾಗ ಮೋಟರ್ ತಾನೇ ನಿಲ್ಲುತ್ತದೆ. ವೈರಿಂಗ್ ಮಾತ್ರ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿ.

ಮೋಟರ್ ಮುಂಚೆ 20 ನಿಮಿಷಕ್ಕೆ ತುಂಬಿಸುತ್ತಿದ್ದ ಟ್ಯಾಂಕಿಗೆ ಈಗ 40 ನಿಮಿಷ ತಗೊಳ್ಳುತ್ತಿದ್ದರೆ ಫುಟ್‌ವಾಲ್ವ್‌ಗೆ (ಸಂಪಿನೊಳಗಿನ ಪೈಪಿನ ತುದಿಯ ವಾಲ್ವ್) ಕಸ ಸಿಕ್ಕಿರಬಹುದು ಅಥವಾ ಪೈಪಿನ ಕೀಲಿನಲ್ಲಿ ಗಾಳಿ ಎಳೆಯುತ್ತಿರಬಹುದು. ಅದೇ ನೀರಿಗೆ ಜಾಸ್ತಿ ಕರೆಂಟು.

ಬೇಸಿಗೆಯಲ್ಲಿ ಮೋಲ್ಡ್ ಮನೆ ಕಾದ ಬಾಣಲೆ ಆಗುತ್ತದೆ. ಏಸಿ ಇಲ್ಲದೆ ಏನು ಮಾಡಬಹುದು?

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಯಿತು ಅಂದರೆ ತಾರಸಿಗೆ ಸುಣ್ಣ ಹೊಡೆಯುವ ಕಾಲ ಬಂತು ಅಂತಲೇ. ತಾರಸಿ ಗುಡಿಸಿ, ತೊಳೆದು, ಒಣಗಲು ಬಿಡಿ. ಸುಣ್ಣವನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ನೆನೆಸಿ, ಬೆಳಗ್ಗೆ ಸೋಸಿ, ಸ್ವಲ್ಪ ಅಂಟು ಬೆರೆಸಿ. ಗೋಡೆಗೆ ಹೊಡೆಯುವಷ್ಟು ತೆಳ್ಳಗೆ ಬೇಡ, ಮಜ್ಜಿಗೆಗಿಂತ ಗಟ್ಟಿ ಇರಲಿ. ಉದ್ದ ಹಿಡಿಯ ಬ್ರಷ್ಷಿನಲ್ಲಿ ಎರಡು ಕೈ ಹೊಡೆಯಿರಿ. ಕಣ್ಣಿಗೆ ಸಿಡಿಯದಂತೆ ಕನ್ನಡಕ ಇರಲಿ, ಸುಣ್ಣ ಕಣ್ಣಿಗೆ ಬಿದ್ದರೆ ತಮಾಷೆಯಲ್ಲ.

ಮೊದಲ ವರ್ಷ ನನಗೆ ಸುಣ್ಣ ಅರ್ಧಕ್ಕೇ ಮುಗಿದುಹೋಯಿತು. ಒಳ್ಳೆಯದೇ ಆಯಿತು. ಮಾರನೆಯ ದಿನ ಮಧ್ಯಾಹ್ನ ಎರಡು ಗಂಟೆಗೆ ಬರಿಗಾಲಲ್ಲಿ ಹತ್ತಿದೆ. ಬಿಳಿಯ ಕಡೆ ನಿಂತುಕೊಳ್ಳಬಹುದಿತ್ತು. ಗೆರೆ ದಾಟಿ ಬರೀ ಸಿಮೆಂಟಿಗೆ ಕಾಲಿಟ್ಟ ಕೂಡಲೇ ಕುಣಿದುಕೊಂಡು ವಾಪಸ್ ಬಂದೆ. ಸಂಜೆಯೇ ಇನ್ನೊಂದು ಚೀಲ ತಂದೆ. ಮಳೆಗೆ ಸುಣ್ಣ ತೊಳೆದು ಹೋಗುತ್ತದೆ, ಹಾಗಾಗಿ ವರ್ಷಾ ವರ್ಷಾ ಹೊಡೆಯಬೇಕು. ಮಳೆನೀರು ಸಂಪಿಗೆ ಬಿಡುವವರು ಮೊದಲ ಒಂದೆರಡು ಮಳೆಯ ನೀರನ್ನು ಹೊರಗೆ ಹರಿಸಿ.

ಪಡುವಣ ಗೋಡೆಯ ಕಿಟಕಿಗೆ ಒಳಗಿನ ಪರದೆಗಿಂತ ಹೊರಗಿನ ನೆರಳು ಮೇಲು. ಬಿಸಿಲು ಗಾಜು ದಾಟಿ ಒಳಗೆ ಬಂದ ಮೇಲೆ ಪರದೆ ಎಳೆದು ಪ್ರಯೋಜನ ಕಮ್ಮಿ. ನರ್ಸರಿಗಳಿಗೆ ಕಟ್ಟುವ ಹಸಿರು ಶೇಡ್ ನೆಟ್ ನಮ್ಮ ಊರಿನಲ್ಲಿ ಬೇಕಾದಷ್ಟು ಸಿಗುತ್ತದೆ. ಎರಡು ಮೊಳೆ, ಒಂದು ಹಗ್ಗ, ಮುಗಿಯಿತು. ರೇಷ್ಮೆ ಹುಳು ಸಾಕುವ ಮನೆಗೆ ಬೇಸಿಗೆಯಲ್ಲಿ ಒದ್ದೆ ಗೋಣಿತಾಟು ಕಟ್ಟುತ್ತಾರಲ್ಲ, ಅದೂ ಆಗುತ್ತದೆ. ಹುಳುವಿಗೆ ಮಾಡುವ ಉಪಚಾರ ನಮಗೂ ಮಾಡಿಕೊಳ್ಳಬಹುದು.

ಮತ್ತೆ, ಬೆಳಗ್ಗೆ ಒಂಬತ್ತಕ್ಕೆ ಕಿಟಕಿ ಮುಚ್ಚಿ, ಸಂಜೆ ಏಳಕ್ಕೆ ತೆಗೆಯಿರಿ. ಬಯಲುಸೀಮೆಯ ರಾತ್ರಿ ಗಾಳಿ ತಂಪು. ನಾವು ಸೊಳ್ಳೆ ಭಯಕ್ಕೆ ಸರಿಯಾಗಿ ಉಲ್ಟಾ ಮಾಡುತ್ತೇವೆ. ಕಿಟಕಿಗೆ ಜಾಲರಿ ಹಾಕಿಸಿಬಿಡಿ.

ಕೂಲರ್ ಒಳ್ಳೆಯದಾ, ಏಸಿ ಒಳ್ಳೆಯದಾ?

ಮಾರ್ಚ್, ಏಪ್ರಿಲ್‌ನಲ್ಲಿ ನಮ್ಮ ಗಾಳಿ ಒಣ. ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ, ಎಳೆಯುವುದು 100ರಿಂದ 200 ವ್ಯಾಟ್. ಒಂದು ಕಿಟಕಿ ತೆಗೆದಿರಬೇಕು, ಇಲ್ಲದಿದ್ದರೆ ರೂಮು ಬಚ್ಚಲಾಗುತ್ತದೆ. ಒಂದೂವರೆ ಟನ್ ಏಸಿ ಪೂರ್ತಿ ಓಡುವಾಗ 1500 ವ್ಯಾಟ್ ಸುತ್ತಮುತ್ತ ಎಳೆಯುತ್ತದೆ. ಇರುವವರು 24ರಿಂದ 26 ಡಿಗ್ರಿಗೆ ಇಟ್ಟು ಜೊತೆಗೆ ಫ್ಯಾನ್ ಹಾಕಿಕೊಳ್ಳಿ. 2020ರಿಂದ ಸ್ಟಾರ್ ಲೇಬಲ್ ಇರುವ ಏಸಿಗಳು ಆನ್ ಮಾಡಿದಾಗ 24ಕ್ಕೇ ನಿಲ್ಲುವಂತೆ ನಿಯಮ ಮಾಡಿದ್ದಾರೆ. ಕೆಳಗಿಳಿಸುವುದು ನಮ್ಮ ಬೆರಳು.

ಕಮ್ಮಿ ಕರೆಂಟು ಎಳೆಯುವ ಹೊಸ ಬಿಎಲ್‌ಡಿಸಿ ಫ್ಯಾನಿಗೆ ಅಷ್ಟು ದುಡ್ಡು ಕೊಡಬಹುದಾ?

ದಿನಕ್ಕೆ ಹತ್ತು ಹನ್ನೆರಡು ಗಂಟೆ ತಿರುಗುವ ಫ್ಯಾನಿಗೆ ಕೊಡಬಹುದು. ಹಳೆಯದು 75 ವ್ಯಾಟ್, ಇದು 30ರ ಹತ್ತಿರ. ದಿನಕ್ಕೆ 12 ಗಂಟೆಗೆ ಅರ್ಧ ಯೂನಿಟ್ ಉಳಿಯುತ್ತದೆ, ತಿಂಗಳಿಗೆ 16. ನೆಂಟರು ಬಂದಾಗ ಮಾತ್ರ ಹಾಕುವ ರೂಮಿಗೆ ಬೇಡ. ಯುಪಿಎಸ್ ಮೇಲೂ ಹೆಚ್ಚು ಹೊತ್ತು ಓಡುತ್ತದೆ.

ಹಳೇ ಕಾಲದ ಡಬ್ಬಿಯಂಥ ದಪ್ಪ ರೆಗ್ಯುಲೇಟರ್ ಇನ್ನೂ ಇದ್ದರೆ ಅದನ್ನು ಮುಟ್ಟಿ ನೋಡಿ. ಬಿಸಿ ಇದ್ದರೆ ಆ ಬಿಸಿಯೇ ನಿಮ್ಮ ದುಡ್ಡು. ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಹಾಕಿಸಿ. ರೆಕ್ಕೆಯ ಮೇಲಿನ ಧೂಳನ್ನು ಹಳೇ ದಿಂಬಿನ ಕವರ್ ತೊಡಿಸಿ ಎಳೆದರೆ ತಲೆ ಮೇಲೆ ಉದುರುವುದಿಲ್ಲ.

ಫ್ರಿಜ್ ಬಗ್ಗೆ?

ಬಾಗಿಲಿಗೆ ಹತ್ತು ರೂಪಾಯಿ ನೋಟು ಸಿಕ್ಕಿಸಿ ಮುಚ್ಚಿ, ಎಳೆಯಿರಿ. ಸಲೀಸಾಗಿ ಬಂದರೆ ರಬ್ಬರ್ ಹೋಗಿದೆ. ಗೋಡೆಯಿಂದ ಅರ್ಧ ಅಡಿ ದೂರ ಇಡಿ. ಸಿಂಗಲ್ ಡೋರ್ ಆದರೆ ಬೆರಳು ದಪ್ಪ ಹಿಮ ಕಟ್ಟುವ ಮುಂಚೆ ಕರಗಿಸಿ. ಬಿಸಿ ಸಾರು ಇಡಬೇಡಿ. ಚಳಿಗಾಲದಲ್ಲಿ ಗುಂಡಿ ಒಂದು ಹಂತ ಕೆಳಗಿಳಿಸಿ. ಹೊಸದು ಕೊಳ್ಳುವಾಗ ಬರೀ ನಕ್ಷತ್ರ ಎಣಿಸಬೇಡಿ. ಲೇಬಲ್‌ನಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಅಂತ ಬರೆದಿರುತ್ತದೆ, ಅದನ್ನು 12ರಿಂದ ಭಾಗಿಸಿ.

ಮೊಬೈಲ್ ಚಾರ್ಜರ್ ಪ್ಲಗ್‌ನಲ್ಲೇ ಬಿಟ್ಟರೆ?

ಖಾಲಿ ಚಾರ್ಜರ್ ಎಳೆಯುವುದು ಲೆಕ್ಕಕ್ಕೇ ಇಲ್ಲ. ಅದರ ಬಗ್ಗೆ ಜಗಳ ಬೇಡ. ಟಿವಿಯ ಸೆಟ್‌ಟಾಪ್ ಬಾಕ್ಸ್ ಹಾಗಲ್ಲ. ರಿಮೋಟಿನಲ್ಲಿ ಆರಿಸಿದರೂ ಮುಟ್ಟಿದರೆ ಬೆಚ್ಚಗಿರುತ್ತದೆ. 10 ವ್ಯಾಟ್ ಎಳೆದರೂ ತಿಂಗಳಿಗೆ 7 ಯೂನಿಟ್. ಗೋಡೆಯ ಸ್ವಿಚ್ ಆರಿಸಿ.

ಪ್ಲಗ್‌ಗೆ ಹಾಕಿದರೆ ಬಿಲ್ ಅರ್ಧ ಆಗುವ ಪವರ್ ಸೇವರ್ ಡಬ್ಬಿ ಬರುತ್ತದಲ್ಲ?

ನಾನೂ ಒಂದು ತರಿಸಿದ್ದೆ. ಹಸಿರು ದೀಪ ಚೆನ್ನಾಗಿ ಉರಿಯುತ್ತಿತ್ತು, ಬಿಲ್ ಹಾಗೇ ಬರುತ್ತಿತ್ತು. ಬಿಚ್ಚಿ ನೋಡಿದರೆ ಒಂದು ಸಣ್ಣ ಕೆಪಾಸಿಟರ್, ಆ ದೀಪ, ಅಷ್ಟೇ. ಕಾರ್ಖಾನೆಗಳಲ್ಲಿ ಕೆಪಾಸಿಟರ್‌ಗೆ ಕೆಲಸವಿದೆ. ಮನೆಗೆ ಬಿಲ್ ಬರುವುದು ಯೂನಿಟ್ ಮೇಲೆ, ಈ ಡಬ್ಬಿ ಯೂನಿಟ್ ಇಳಿಸುವುದಿಲ್ಲ. ಕೊಳ್ಳಬೇಡಿ.

ಬಲ್ಬು, ಟ್ಯೂಬ್‌ಲೈಟ್?

ಎಲ್ಲರೂ ಈಗಾಗಲೇ ಎಲ್‌ಇಡಿ ಹಾಕಿದ್ದಾರೆ. ಬಚ್ಚಲು, ಕೊಟ್ಟಿಗೆ, ದೇವರ ಮನೆಯಲ್ಲಿ ಹಳೇ 60 ವ್ಯಾಟ್ ಬಲ್ಬು ಉಳಿದಿರುತ್ತದೆ, ಅದನ್ನು ತೆಗೆಯಿರಿ. ಚೋಕ್ ಇರುವ ಹಳೇ ಟ್ಯೂಬ್‌ಲೈಟನ್ನೂ.

ಗ್ಯಾಸ್ ಬೇಗ ಮುಗಿಯುತ್ತದೆ. ಏನು ಮಾಡಲಿ?

ಉರಿ ನೋಡಿ. ನೀಲಿ ಇರಬೇಕು. ಹಳದಿ ಬಂದು ಪಾತ್ರೆಗೆ ಮಸಿ ಹಿಡಿಯುತ್ತಿದ್ದರೆ ಬರ್ನರ್ ತೂತು ಮುಚ್ಚಿದೆ. ಬರ್ನರ್ ಬಿಸಿನೀರು, ಸೋಪಿನಲ್ಲಿ ನೆನೆಸಿ ಪಿನ್ನಿನಿಂದ ತೂತು ಬಿಡಿಸಿ, ಪೂರ್ತಿ ಒಣಗಿದ ಮೇಲೆ ಕೂರಿಸಿ.

ಮುದ್ದೆಗೆ ಎಸರಿಡುವಾಗ ಮುಚ್ಚಳ ಹಾಕಿ. ಕುದಿ ಬಂದ ಮೇಲೆ ಉರಿ ದೊಡ್ಡದಿಟ್ಟರೂ ನೀರು ಅದಕ್ಕಿಂತ ಬಿಸಿ ಆಗುವುದಿಲ್ಲ, ಆವಿ ಮಾತ್ರ ಹೋಗುತ್ತದೆ. ಹುರುಳಿಕಾಳು, ಒಣ ಅವರೆಕಾಳು ರಾತ್ರಿಯೇ ನೆನೆಸಿ. ಕುಕ್ಕರ್ ಮೊದಲ ವಿಷಲ್ ಹಾಕಿದ ಮೇಲೆ ಉರಿ ಸಣ್ಣ ಮಾಡಿ. ವಿಷಲ್ ಎಣಿಸುವ ಬದಲು ನಿಮಿಷ ಎಣಿಸಿ. ಆರಿಸಿದ ಮೇಲೂ ಒಳಗೆ ಬೇಯುತ್ತಲೇ ಇರುತ್ತದೆ, ತಕ್ಷಣ ತೂಕ ಎತ್ತಿ ಆವಿ ಬಿಡಬೇಡಿ.

ಅವರೆಕಾಯಿ ಕಾಲದಲ್ಲಿ ಮಾತ್ರ ಈ ಉಪದೇಶ ನಮ್ಮ ಮನೆಯಲ್ಲಿ ನಡೆಯುವುದಿಲ್ಲ. ಹಿಸುಕಿದ ಬೇಳೆ ಸಾರು ನಿಧಾನಕ್ಕೇ ಕುದಿಯಬೇಕಂತೆ. ನಾನು ಸುಮ್ಮನಿದ್ದೇನೆ.

ಗ್ಯಾಸ್ ಬಿಟ್ಟು ಇಂಡಕ್ಷನ್‌ಗೆ ಹೋದರೆ?

14.2 ಕೆಜಿಯ ಒಂದು ಸಿಲಿಂಡರ್ ಮಾಡುವ ಅಡುಗೆಯನ್ನು ಇಂಡಕ್ಷನ್‌ನಲ್ಲಿ ಮಾಡಲು ಅಂದಾಜು 130ರಿಂದ 150 ಯೂನಿಟ್ ಬೇಕು. ನಿಮ್ಮ ಯೂನಿಟ್ ದರದಿಂದ ಗುಣಿಸಿ, ಸಿಲಿಂಡರ್ ಬೆಲೆ ಪಕ್ಕದಲ್ಲಿ ಬರೆಯಿರಿ. ಆದರೆ ಗೃಹಜ್ಯೋತಿಯ 200 ಗೆರೆ ದಾಟಿದರೆ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ತಾರಸಿಗೆ ಸೋಲಾರ್ ಪ್ಯಾನೆಲ್ ಹಾಕಿಸಬೇಕಾ?

2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವ್ಯಾಟ್‌ಗೆ 30,000, 2ಕ್ಕೆ 60,000, 3 ಮತ್ತು ಮೇಲ್ಪಟ್ಟದ್ದಕ್ಕೆ 78,000 ರೂಪಾಯಿ ಸಹಾಯಧನ ಇಟ್ಟಿದ್ದಾರೆ. ತಿಂಗಳಿಗೆ 250, 300 ಯೂನಿಟ್ ಸುಡುವ ಮನೆಗೆ ಯೋಚಿಸಬಹುದು. ಗೃಹಜ್ಯೋತಿಯ ಒಳಗೇ ಇರುವ ಮನೆಗೆ ನನ್ನ ಮಾತು: ಮೊದಲು ನೀರು ಕಾಯಿಸುವ ಸೋಲಾರ್, ಪ್ಯಾನೆಲ್ ಆಮೇಲೆ.

ಯಾವುದಕ್ಕೆ ನಾವೇ ಕೈ ಹಾಕಬಾರದು?

ಮೀಟರ್‌ನ ಸೀಲ್ ಮುಟ್ಟಬೇಡಿ. ಮೋಟರ್ ವೈರಿಂಗ್, ಗೀಸರ್ ಒಳಗಿನ ಕೆಲಸ, ಅರ್ಥಿಂಗ್, ಇವೆಲ್ಲ ಗೊತ್ತಿದ್ದವರಿಗೆ ಬಿಡಿ. ಫ್ಯಾನ್ ಒರೆಸುವಾಗ, ಬಲ್ಬು ಬದಲಿಸುವಾಗ ಬರೀ ಸ್ವಿಚ್ ಸಾಲದು, ಬೋರ್ಡಿನಲ್ಲಿರುವ ಎಂಸಿಬಿ (ಆ ಲೈನಿನ ಕರೆಂಟು ಕಡಿಯುವ ಸ್ವಿಚ್) ಕೆಳಗಿಳಿಸಿ. ಕಂಬದಿಂದ ಮೀಟರ್‌ವರೆಗಿನ ವೈರು ಸುಟ್ಟ ವಾಸನೆ ಬಂದರೆ ಬೆಸ್ಕಾಂನ 1912ಕ್ಕೆ ಫೋನ್ ಮಾಡಿ. ಬಕೆಟ್‌ನಲ್ಲಿ ರಾಡ್ ಇಟ್ಟಾಗ ನೀರು ಕಾದಿದೆಯಾ ಅಂತ ಬೆರಳು ಅದ್ದಿ ನೋಡುವ ಚಾಳಿ ನಮ್ಮಲ್ಲಿ ಬಹಳ ಜನಕ್ಕಿದೆ. ಮೊದಲು ಪ್ಲಗ್ ಕೀಳಿ, ಆಮೇಲೆ ಬೆರಳು.